ರವಿವಾರದ ಗರಸು ಹಾದಿ
(ವಾಚನಾಲಯದ ಕೂಟದಲ್ಲಿ ಮಾಡಿದ ಭಾಷಣ)



ಡಾಂಬರು ಬಿಟ್ಟು ಗರಸು ಹಾದಿಯಲ್ಲಿ ಸೈಕಲ್ಲು ತುಳಿಯುವುದು ಈಗ ಒಂದು ಕ್ರೀಡೆಯೇ ಆಗಿದೆ. ಅಮೆರಿಕದ ಕಾನ್ಸಾಸ್ ಪ್ರಾಂತದ ಎಂಪೋರಿಯಾದಲ್ಲಿ 2006ರಲ್ಲಿ ಆರಂಭವಾದ 200 ಮೈಲಿಯ ಪಂದ್ಯ ಬಹು ಪ್ರಸಿದ್ಧ. ಅದಕ್ಕೆಂದೇ ಮಾಡಿದ ಸೈಕಲ್ಲಿನ ಬೆಲೆ ಕೇಳಿದರೆ ನಮ್ಮಂಥ ಕಾರಕೂನರು, ಕಾರ್ಮಿಕರು ಹಿಂದೆ ಸರಿಯಬೇಕು. ಆದರೆ ಅದರ ಗುಟ್ಟು ಇರುವುದು ದಪ್ಪ ಟಾಯರಿನಲ್ಲಿ. ನಾವು ದಿನವೂ ಕಾರಖಾನೆಗೆ ತುಳಿಯುವ ಹಳೆಯ ಸೈಕಲ್ಲಿನ 28×1½ ಅಂಗುಲದ ಟಾಯರೂ ಸುಮಾರು 40 ಮಿಲಿಮೀಟರು ಅಗಲವೇ! ಗಾಳಿಯನ್ನು ಕೊಂಚ ಇಳಿಸಿದರೆ ಕಲ್ಲಿನ ಹೊಡೆತವನ್ನು ಟಾಯರೇ ತಾಳಿಕೊಳ್ಳುತ್ತದೆ. ತೀರ ಇಳಿಸಿದರೆ ಟ್ಯೂಬು ರಿಮ್ಮಿಗೆ ಸಿಕ್ಕಿ ತೂತಾಗುತ್ತದೆ.

ಪುಣೆಯಿಂದ ನಸುಕಿನಲ್ಲಿ ಹೊರಟು, ದಿವೆಘಾಟವನ್ನು ಸೈಕಲ್ಲು ತಳ್ಳಿಕೊಂಡೇ ಹತ್ತಿದರೆ ಸಾಸವಡ. ಮೊದಲ ಸಲ ಅಲ್ಲಿಂದಲೇ ಮರಳುವುದು ಲೇಸು. ಕಾಲು ಪಳಗಿದ ಮೇಲೆ ಅಂಜೂರದ ತೋಟ, ಜೋಳದ ಹೊಲಗಳ ನಡುವಿನ ಹಾದಿ ಹಿಡಿದು ಜೇಜುರಿಗೆ ಹೋಗಬಹುದು. ಅಲ್ಲಿಯ ಖಂಡೋಬನೇ ನಮ್ಮ ಮೈಲಾರಲಿಂಗ. ಹಣೆಗೆ ಭಂಡಾರ ಹಚ್ಚಿಕೊಂಡಾಗ ನಮಗೆ ಊರಿಗೇ ಹೋಗಿ ಬಂದಂತಾಗುತ್ತದೆ.

ಒಂದು ಎಚ್ಚರಿಕೆ. ಕಳೆದ ಮಳೆಗಾಲದಲ್ಲಿ ನಮ್ಮಲ್ಲೊಬ್ಬರು ಇಳಿಜಾರಿನ ಒದ್ದೆ ಗರಸಿನಲ್ಲಿ ಮುಂದಿನ ಬ್ರೇಕು ಬಿಗಿಹಿಡಿದು ಉರುಳಿದರು. ಕೈ ಮುರಿಯಿತು, ತಿಂಗಳ ಪಗಾರವೂ ಹೋಯಿತು. ಅವರನ್ನು ಎತ್ತಿ ಬಂಡಿಯಲ್ಲಿ ಮಲಗಿಸಿ ತಂದವರು ತಮ್ಮ ಹೆಸರನ್ನೂ ಹೇಳದ ರೈತರು. ಆದ್ದರಿಂದ ಕಡಿದಾದ ಇಳಿಜಾರಿನಲ್ಲಿ ಇಳಿದು ನಡೆಯೋಣ, ಒಂಟಿಯಾಗಿ ಹೋಗದಿರೋಣ, ಹೊಲದ ಹಾದಿಯನ್ನು ಹೊಲದವರನ್ನು ಕೇಳಿಯೇ ಹಿಡಿಯೋಣ. ಸೋಮವಾರ ಕೆಲಸಕ್ಕೆ ಹೋಗುವ ಮೈ ನಮ್ಮದು, ಅದನ್ನು ಮರೆಯದಿರೋಣ.