ಕಾಯಕದ ಎಡೆ: ಮನೆಯೋ, ಕಚೇರಿಯೋ?

(ಮಹೋತ್ಸವದ ಶರಣಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)



ನೌಕರನು ಮನೆಯಲ್ಲಿಯೇ ಕುಳಿತು ಕೆಲಸ ಮಾಡಬಹುದೋ, ಕಚೇರಿಗೆ ಬಂದೇ ಮಾಡಬೇಕೋ ಎಂಬುದು ಈ ಕೆಲವು ವರ್ಷಗಳಿಂದ ದೇಶವಿದೇಶಗಳಲ್ಲೆಲ್ಲ ನಡೆದಿರುವ ವಾದವು. ಮಠದ ವೇದಿಕೆಗೆ ಇದೆತ್ತಣ ವಿಷಯವೆಂದು ಕೆಲವರಿಗೆ ಅನಿಸಬಹುದು. ಆದರೆ ಕಾಯಕವನ್ನು ಪೂಜೆಗೆ ಸರಿಸಮನಾಗಿ ಎಣಿಸಿದ ಶರಣರ ಅನುಯಾಯಿಗಳಿಗೆ, ಕಾಯಕವು ಎಲ್ಲಿ ನಡೆಯಬೇಕು, ಎಷ್ಟು ನಡೆಯಬೇಕು, ಯಾರೊಡನೆ ನಡೆಯಬೇಕು ಎಂಬ ಪ್ರಶ್ನೆಯು ಹೊರಗಿನದಲ್ಲ. ವಿಜಯಪುರ, ಬಾಗಲಕೋಟೆ, ಕಲಬುರ್ಗಿಗಳ ಕಡೆಯ ಎಷ್ಟೋ ಭಕ್ತರ ಮಕ್ಕಳು ಸೊಸೆಯಂದಿರು ಬೆಂಗಳೂರಿನ ಕಂಪನಿಗಳಲ್ಲಿ ದುಡಿಯುತ್ತಿರುವುದರಿಂದ, ಈ ವಾದವು ಹಳ್ಳಿಯ ಪಡಸಾಲೆಯವರೆಗೂ ಬಂದು ಮುಟ್ಟಿರುವುದು.

ಹನ್ನೆರಡನೆಯ ಶತಮಾನದ ಕಲ್ಯಾಣವನ್ನು ನೆನೆಯೋಣ. ನುಲಿಯ ಚಂದಯ್ಯನವರು ಕೆರೆಯ ಹುಲ್ಲು ಕೊಯ್ದು ಹಗ್ಗ ಹೊಸೆದರು. ಮೇದರ ಕೇತಯ್ಯನವರು ಬಿದಿರು ಸೀಳಿ ಬುಟ್ಟಿ ಹೆಣೆದರು. ಅಂಬಿಗರ ಚೌಡಯ್ಯನವರು ಹೊಳೆಯಲ್ಲಿ ಹುಟ್ಟು ಹಾಕಿದರು. ಇವರನ್ನೆಲ್ಲ ಒಂದು ಸೂರಿನ ಕೆಳಗೆ ಕೂಡ್ರಿಸಿ ದುಡಿಸಿದವರಿಲ್ಲ. ಅವರು ಕೂಡಿದ್ದು ಅನುಭವಮಂಟಪದಲ್ಲಿ, ಅಲ್ಲಮಪ್ರಭುಗಳ ಎದುರಿನಲ್ಲಿ. ಆ ಕೂಟವು ಹಾಜರಿ ಹಿಡಿಯುವುದಕ್ಕಾಗಿ ಅಲ್ಲ, ಒಬ್ಬರ ಅನುಭವವು ಮತ್ತೊಬ್ಬರಿಗೆ ಸಲ್ಲುವುದಕ್ಕಾಗಿ. ಆದರೂ ಕೂಟವೇ ಸರ್ವಸ್ವವೆಂದು ಅವರು ತಿಳಿದವರಲ್ಲ. ಆಯ್ದಕ್ಕಿ ಮಾರಯ್ಯನವರು ಒಮ್ಮೆ ಗೋಷ್ಠಿಯ ರಸದಲ್ಲಿ ಮೈಮರೆತು ಕುಳಿತಿರಲು, ಕಾಯಕವು ಹಿಂದುಳಿಯಿತೆಂದು ಎಚ್ಚರಿಸಿದವಳು ಮಡದಿ ಲಕ್ಕಮ್ಮ. ಕಾಯಕವು ಬೇರೆ ಬೇರೆ ಎಡೆಗಳಲ್ಲಿ, ಅನುಭವವು ಕೂಟದಲ್ಲಿ ಎಂಬ ಈ ಏರ್ಪಾಟನ್ನು ಮನಸ್ಸಿನಲ್ಲಿಟ್ಟುಕೊಂಡರೆ ಇಂದಿನ ವಾದದ ಗಂಟು ಅರ್ಧ ಸಡಿಲುವುದು.

ಜನರು ಒಂದೆಡೆ ಕೂಡಿ ದುಡಿಯುವ ಪದ್ಧತಿಯು ಬಹುಮಟ್ಟಿಗೆ ಯಂತ್ರದಿಂದ ಬಂದುದು. ಗೋಕಾಕದ ಜಲಪಾತದ ಶಕ್ತಿಯಿಂದ ಗಿರಣಿ ತಿರುಗಿದಾಗ, ಚಕ್ರವಿದ್ದಲ್ಲಿಗೆ ಕೂಲಿಕಾರರೇ ಹೋಗಬೇಕಾಯಿತು. ಚಕ್ರವು ಅವರ ಮನೆಗೆ ಬರುವಂತಿರಲಿಲ್ಲ. ಅದಕ್ಕೆ ಮೊದಲು ಇಳಕಲ್ಲು, ಗುಳೇದಗುಡ್ಡಗಳ ನೇಕಾರನು ಮನೆಯ ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ನೇಯುತ್ತಿದ್ದನು. ಅಲ್ಲಿ ಮನೆಯಲ್ಲಿ ನೇಯುವವರು ಇಂದಿಗೂ ಉಂಟು. ಆದರೆ ಮನೆಯಲ್ಲಿದ್ದ ಮಾತ್ರಕ್ಕೆ ಆತನು ಸ್ವತಂತ್ರನೆಂದು ಬಗೆಯಲಾಗದು. ನೂಲು ಕೊಡುವ ಸಾಹುಕಾರನಿಗೆ ಆತನು ಕಟ್ಟುಬಿದ್ದಿದ್ದನು. ಕಂಡಿಕೆ ಸುತ್ತುವ ಹೆಂಡತಿಯ ದುಡಿಮೆಗೆ ಬೇರೆ ಕೂಲಿ ಇರುತ್ತಿರಲಿಲ್ಲ. ಮನೆಗೆಲಸವನ್ನು ಬಲು ಹೊಗಳುವವರು ಇದನ್ನು ಮರೆಯಬಾರದು.

೧೯೭೩ರಲ್ಲಿಯೇ ಅಮೇರಿಕದ ಜ್ಯಾಕ್ ನಿಲ್ಸ್ ಎಂಬ ವಿದ್ವಾಂಸರು, ನೌಕರರು ಕೆಲಸದೆಡೆಗೆ ಹೋಗುವ ಬದಲು ಕೆಲಸವನ್ನೇ ತಂತಿಯ ಮೂಲಕ ನೌಕರರೆಡೆಗೆ ಕಳಿಸುವ ವಿಚಾರವನ್ನು ಮುಂದಿಟ್ಟು ಅದಕ್ಕೆ ಟೆಲಿಕಮ್ಯೂಟಿಂಗ್ ಎಂಬ ಹೆಸರನ್ನಿತ್ತರು. ಬಹುಕಾಲ ಅದು ಕೆಲವರ ಪ್ರಯೋಗವಾಗಿಯೇ ಉಳಿಯಿತು. ೨೦೨೦ರ ಮಾರ್ಚಿನಲ್ಲಿ ಕೊರೋನಾ ವ್ಯಾಧಿಯ ನಿಮಿತ್ತ ದೇಶವೆಲ್ಲ ಬಾಗಿಲಿಕ್ಕಿದಾಗ ಅದೇ ಲೋಕರೂಢಿಯಾಯಿತು. ವ್ಯಾಧಿ ಇಳಿದ ಬಳಿಕ ಕಂಪನಿಗಳು ಮರಳಿ ಕರೆಯತೊಡಗಿದವು. ಅಮೆಜಾನ್ ಕಂಪನಿಯು, ತನ್ನ ಕಚೇರಿಯ ನೌಕರರು ೨೦೨೫ರ ಜನವರಿಯಿಂದ ವಾರಕ್ಕೆ ಐದು ದಿನವೂ ಬರತಕ್ಕದ್ದೆಂದು ೨೦೨೪ರ ಸಪ್ಟೆಂಬರದಲ್ಲಿ ಸಾರಿತು.

ಯಾರ ಮಾತು ದಿಟ? ಊಹೆಗಿಂತ ಪರೀಕ್ಷೆಯು ಮೇಲು. ಚೀನದ ಪ್ರವಾಸದ ಕಂಪನಿಯೊಂದರಲ್ಲಿ ನಿಕೊಲಸ್ ಬ್ಲೂಮ್ ಮತ್ತು ಅವರ ಸಂಗಡಿಗರು ಎರಡು ಬಾರಿ ಪರೀಕ್ಷಿಸಿ ನೋಡಿದರು. ಮೊದಲನೆಯದರಲ್ಲಿ ದೂರವಾಣಿಯ ಕೆಲಸದವರನ್ನು ಒಂಬತ್ತು ತಿಂಗಳು ವಾರಕ್ಕೆ ನಾಲ್ಕು ದಿನ ಮನೆಯಲ್ಲಿರಿಸಲಾಯಿತು. ಕೆಲಸವು ೧೩ ಪ್ರತಿಶತ ಹೆಚ್ಚಿತು. ವಿಚಿತ್ರವೆಂದರೆ, ಪರೀಕ್ಷೆ ಮುಗಿದು ಆಯ್ಕೆಯನ್ನು ಕೈಗೆ ಕೊಟ್ಟಾಗ ಅವರಲ್ಲಿ ಅರ್ಧದಷ್ಟು ಜನ ಕಚೇರಿಗೆ ಹಿಂದಿರುಗಿದರು! ಒಂಟಿತನವು ಅವರನ್ನು ಬಾಧಿಸಿತ್ತು. ಎರಡನೆಯ ಪರೀಕ್ಷೆಯ ಫಲವು ೨೦೨೪ರಲ್ಲಿ ಪ್ರಕಟವಾಯಿತು. ೧,೬೧೨ ನೌಕರರಲ್ಲಿ ಒಂದು ಪಾಲಿನವರಿಗೆ ವಾರದಲ್ಲಿ ಎರಡು ದಿನ ಮನೆಯ ಕೆಲಸವನ್ನು ಅನುಮತಿಸಲು, ಕೆಲಸದ ಗುಣವೂ ಬಡತಿಯೂ ಕುಂದಲಿಲ್ಲ. ನೌಕರಿ ಬಿಟ್ಟು ಹೋಗುವವರ ಸಂಖ್ಯೆಯು ಮಾತ್ರ ಮೂರರಲ್ಲೊಂದು ಪಾಲು ಇಳಿಯಿತು. ಮನೆಯಲ್ಲಿರುವವನು ಮೈಗಳ್ಳನೆಂಬ ಮಾತು ಇಲ್ಲಿ ನಿಲ್ಲಲಿಲ್ಲ. ಮನೆಯೊಂದೇ ಸಾಕೆಂಬ ಮಾತೂ ನಿಲ್ಲಲಿಲ್ಲ.

ಕಚೇರಿಯ ಪರವಾಗಿ ತೂಕವುಳ್ಳ ಮಾತೊಂದಿದೆ. ಹೊಸದಾಗಿ ಸೇರಿದ ತರುಣನು ಹಿರಿಯರ ಮಗ್ಗುಲಲ್ಲಿ ಕುಳಿತು ಕಲಿಯುವುದು ಬಹಳ. ಅಮೇರಿಕದ ಕಂಪನಿಯೊಂದರ ಎಂಜಿನಿಯರರನ್ನು ಅಭ್ಯಸಿಸಿದಾಗ, ಹತ್ತಿರ ಕುಳಿತವರಿಗೆ ತಮ್ಮ ಕೆಲಸದ ತಪ್ಪುಒಪ್ಪುಗಳ ಕುರಿತು ಹೆಚ್ಚು ಸೂಚನೆಗಳು ದೊರೆಯುತ್ತಿದ್ದುವೆಂದು ಕಂಡುಬಂದಿತು. ಕಲಿಸುವ ಹಿರಿಯರ ಸ್ವಂತ ಕೆಲಸವು ಅಷ್ಟರಮಟ್ಟಿಗೆ ಕಡಿಮೆಯಾಗುತ್ತಿತ್ತು. ಶರಣರ ಭಾಷೆಯಲ್ಲಿ ಇದನ್ನು ದಾಸೋಹವೆಂದಲ್ಲದೆ ಏನೆನ್ನಬೇಕು? ಮಠದ ಪ್ರಸಾದನಿಲಯದಲ್ಲಿ ಉಂಡು ಓದಿದವರಿಗೆ ಇದರ ಬೆಲೆಯನ್ನು ಬಿಡಿಸಿ ಹೇಳಬೇಕಾದುದಿಲ್ಲ. ಆದರೆ ಕಂಪನಿಯು ತರುಣನನ್ನು ಎರಡು ತಾಸಿನ ದಾರಿ ಸವೆಸಿ ಕರೆತಂದು, ಮೂಲೆಯೊಂದರಲ್ಲಿ ಕಂಪ್ಯೂಟರಿನ ಮುಂದೆ ಒಬ್ಬನನ್ನೇ ಕೂಡ್ರಿಸಿ, ಬಾಗಿಲಲ್ಲಿ ಹಾಜರಿಯನ್ನು ಮಾತ್ರ ಎಣಿಸಿದರೆ, ಅದು ಕೂಟವೆನಿಸದು, ಬರಿಯ ಕಾವಲು.

ಮನೆಯ ಪಕ್ಷದ ದೋಷವೂ ಸಣ್ಣದಲ್ಲ. ಕಚೇರಿಗೆ ಬಾಗಿಲಿದೆ, ಸಂಜೆ ಅದನ್ನು ದಾಟಿದರೆ ಕೆಲಸ ಮುಗಿಯಿತು. ಮನೆಯ ಕೆಲಸಕ್ಕೆ ಆ ಬಾಗಿಲಿಲ್ಲ. ಊಟದ ಎಲೆಯ ಮುಂದೆಯೂ ಮೊಬೈಲು ಕೂಗುವುದು. ಮಾರಯ್ಯನವರು ಒಂದು ದಿನ ನಿತ್ಯದ ಅಳತೆಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಲಕ್ಕಮ್ಮನು ಅದನ್ನು ಹಿಂದಕ್ಕೆ ಕಳಿಸಿದ ಕಥೆ ಇಲ್ಲಿ ಮತ್ತೆ ನೆನಪಾಗತಕ್ಕದ್ದು. ಹೆಚ್ಚಿನ ಅಕ್ಕಿಯನ್ನು ಒಲ್ಲೆನೆಂದವಳ ಪರಂಪರೆಯವರು, ಹೆಚ್ಚಿನ ತಾಸುಗಳನ್ನು ಒಲ್ಲೆವೆನ್ನಲು ಅಂಜಬೇಕೆ? ಸೊಸೆಯ ಪಾಡಂತೂ ಇನ್ನೂ ಕಠಿಣವು. ಮನೆಯಲ್ಲಿಯೇ ಇದ್ದಾಳೆಂದು ಅಡಿಗೆ, ನೀರು, ಬಂದವರ ಉಪಚಾರ ಎಲ್ಲವೂ ಅವಳ ಪಾಲಿಗೆ. ನಡುನಡುವೆ ಕಂಪನಿಯ ಕೆಲಸ. ಅವಳು ಕಚೇರಿಯನ್ನು ಬಯಸಿದರೆ ಸಂಸಾರವನ್ನು ಒಲ್ಲಳೆಂದು ಹೀಗಳೆಯುವುದು ಅನ್ಯಾಯ.

ಈ ವಾದದಲ್ಲಿ ಪಾಲೇ ಇಲ್ಲದವರೂ ಇದ್ದಾರೆಂಬುದನ್ನು ಹೇಳದೆ ಬಿಡಲಾಗದು. ಬಸ್ಸಿನ ಚಾಲಕ, ಆಸ್ಪತ್ರೆಯ ದಾದಿ, ಬೀದಿ ಗುಡಿಸುವವಳು, ಒಕ್ಕಲಿಗ, ಇವರಾರೂ ಮನೆಯಲ್ಲಿ ಕುಳಿತು ದುಡಿಯಲಾರರು. ಚೌಡಯ್ಯನವರು ಮನೆಯಿಂದ ದೋಣಿ ನಡೆಸುವಂತಿರಲಿಲ್ಲ. ಎಲ್ಲಿ ಕುಳಿತು ದುಡಿಯಲೆಂದು ಆರಿಸಿಕೊಳ್ಳುವ ಭಾಗ್ಯವುಳ್ಳವರು ಈ ಜನರ ಕಾಯಕವನ್ನು ಕೀಳೆಂದು ಕಾಣದಿದ್ದರೆ ಸಾಕು.

ಮಠಗಳಿಂದ ಇದರಲ್ಲಿ ಆಗಬಹುದಾದ ಕಾರ್ಯವೊಂದುಂಟು. ಹಿಂದೆ ಮಠಗಳು ಹಳ್ಳಿಯ ಹುಡುಗರಿಗೆ ಅನ್ನವನ್ನೂ ದೀಪವನ್ನೂ ಕೊಟ್ಟು ಓದಿಸಿದವು. ಇಂದು ಮಠದ ಒಂದು ಕೋಣೆಗೆ ವಿದ್ಯುತ್ತನ್ನೂ ಇಂಟರ್ನೆಟ್ಟನ್ನೂ ಒದಗಿಸಿ ಹತ್ತು ಮೇಜುಗಳನ್ನಿಟ್ಟರೆ, ಸುತ್ತಣ ಹಳ್ಳಿಗಳ ತರುಣರೂ, ವಿಶೇಷವಾಗಿ ಹೆಣ್ಣುಮಕ್ಕಳೂ, ಊರು ಬಿಡದೆ, ಮನೆಯ ಗದ್ದಲಕ್ಕೂ ಸಿಕ್ಕದೆ, ಒಬ್ಬರಿಗೊಬ್ಬರು ಹೇಳಿಕೊಡುತ್ತ ದುಡಿಯಬಹುದು. ಭಕ್ತಮಂಡಲಿಯು ಈ ಮಹೋತ್ಸವದ ವರ್ಷದಲ್ಲಿಯೇ ಇದನ್ನು ಕೈಕೊಳ್ಳಬೇಕೆಂದು ವಿನಂತಿ. ಆ ಕೋಣೆಗೆ ಒಂದು ನಿಯಮ ಮಾತ್ರ ಇರಲಿ: ಸಂಜೆಯ ಪೂಜೆಯ ಗಂಟೆ ಬಾರಿಸುತ್ತಲೆ ಅದಕ್ಕೆ ಬೀಗ ಬೀಳತಕ್ಕದ್ದು.