ಟಿ.ವಿ.ಯೊಳಗಿನ ಮನೆ
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ಸಾಫ್ಟ್‌ವೇರ್‌ನವನು ಕಂಪ್ಯೂಟರ್ ವಿಷಯ ಹೇಳುತ್ತಾನೆ ಅಂತ ಕಾದಿದ್ದೀರಿ. ನಾನು ಮಾತಾಡುವುದು ಟಿ.ವಿ.ಯ ಹಾಸ್ಯ ಧಾರಾವಾಹಿಗಳ ಬಗ್ಗೆ.

ನಾವು ಇಲ್ಲಿ ಓದುವಾಗ ಈಟಿವಿ ಕನ್ನಡದಲ್ಲಿ ‘ಪಾಪ ಪಾಂಡು’, ‘ಸಿಲ್ಲಿ ಲಲ್ಲಿ’ ಬರುತ್ತಿದ್ದವು. ಕರೆಂಟ್ ಇದ್ದರೆ ಟಿ.ವಿ. ಇದ್ದವರ ಮನೆ ತುಂಬುತ್ತಿತ್ತು. ಡಾಕ್ಟರ್ ವಿಠ್ಠಲ್ ರಾವ್, ಸಮಾಜ ಸೇವಕಿ ಲಲಿತಾಂಬ ಮಾರನೆಯ ದಿನ ನಮ್ಮ ತರಗತಿಯಲ್ಲೇ ಓಡಾಡುತ್ತಿದ್ದರು. ‘ಪಾಪ ಪಾಂಡು’ ಮಾಡಿದ ಸಿಹಿಕಹಿ ಚಂದ್ರು ಅವರಿಗೆ ಆ ಹೆಸರು ಬಂದದ್ದು ದೂರದರ್ಶನದ ‘ಸಿಹಿಕಹಿ’ ಧಾರಾವಾಹಿಯಿಂದ. ಜೊತೆಗೆ ನಟಿಸಿದ ಗೀತಾ ಅವರಿಗೂ ಅದೇ ಹೆಸರು ಅಂಟಿತು. ಮುಂದೆ ಇಬ್ಬರೂ ಮದುವೆಯಾದರು. ಧಾರಾವಾಹಿ ಮುಗಿದು ಎಷ್ಟೋ ಕಾಲವಾಯಿತು, ಹೆಸರು ಹೋಗಲಿಲ್ಲ.

ಆ ಧಾರಾವಾಹಿಗಳ ಮೇಲೆ ನನಗೆ ಇಂದಿಗೂ ಪ್ರೀತಿ. ಆದರೆ ಅವು ಬೆಂಗಳೂರಿನ ಮನೆಗಳು. ನಮ್ಮ ‘ಏನ್ಲಾ’, ‘ಬತ್ತೀನಿ ಕಣಕ್ಕ’ ಟಿ.ವಿ.ಯಲ್ಲಿ ಕೇಳುತ್ತಿದ್ದದ್ದು ಹೆಚ್ಚಾಗಿ ನಗಿಸಲು ಬಂದುಹೋಗುವ ಪಾತ್ರಗಳ ಬಾಯಲ್ಲಿ. ಇಂಜಿನಿಯರಿಂಗ್ ಸೇರಿದ ಮೊದಲ ವಾರ ನಾನು ಹಾಲಿಗೆ ‘ಆಲು’ ಅಂದೆ. ಹಾಸ್ಟೆಲ್ ಊಟದ ಮನೆಯೇ ನಕ್ಕಿತು. ಒಂದು ವರ್ಷ ತರಗತಿಯಲ್ಲಿ ಎದ್ದು ನಿಂತು ಪ್ರಶ್ನೆ ಕೇಳಲಿಲ್ಲ. ಬಿ.ಇ. ಓದುವವನಿಗೆ ಅದು ಸಣ್ಣ ನಷ್ಟವಲ್ಲ.

ಅಮೆರಿಕದಲ್ಲೂ ಇಂಥದ್ದೊಂದು ನಡೆದಿದೆ. 1994ರಲ್ಲಿ ಎಬಿಸಿ ಎಂಬ ದೊಡ್ಡ ವಾಹಿನಿ ‘ಆಲ್ ಅಮೆರಿಕನ್ ಗರ್ಲ್’ ಎಂಬ ಹಾಸ್ಯ ಧಾರಾವಾಹಿ ಶುರುಮಾಡಿತು. ಸ್ಯಾನ್ ಫ್ರಾನ್ಸಿಸ್ಕೊದ ಕೊರಿಯನ್ ಕುಟುಂಬದ ಕಥೆ. ಮಗಳಾಗಿ ಮಾರ್ಗರೆಟ್ ಚೊ. ಕುಟುಂಬದ ಪಾತ್ರಗಳಲ್ಲಿ ನಿಜವಾಗಿ ಕೊರಿಯನ್ ಮೂಲದವರು ಅವರೊಬ್ಬರೇ. ಆ ಮನೆ ನಮ್ಮದಲ್ಲ ಎಂದು ಕೊರಿಯನ್ನರೇ ದೂರಿದರು. ವಾಹಿನಿಯವರೋ, ಆಕೆ ತೂಕ ಇಳಿಸಬೇಕು ಅಂದರು; ಹಾಗೆ ಇಳಿಸಲು ಹೋಗಿ ಮೂತ್ರಪಿಂಡವೇ ಕೆಟ್ಟಿತೆಂದು ಆಕೆ ಆಮೇಲೆ ವೇದಿಕೆಯ ಮೇಲೆಯೇ ಹೇಳಿಕೊಂಡರು. 19 ಕಂತಿಗೆ ಎಲ್ಲ ಮುಗಿಯಿತು. ಅದೇ ವಾಹಿನಿ ಇನ್ನೊಂದು ಏಷ್ಯನ್ ಕುಟುಂಬದ ಹಾಸ್ಯ ಧಾರಾವಾಹಿ ತಂದದ್ದು 2015ರಲ್ಲಿ, ‘ಫ್ರೆಶ್ ಆಫ್ ದ ಬೋಟ್’. ಅದು ಆರು ಸೀಸನ್ ಓಡಿತು. ನಡುವಿನ ಇಪ್ಪತ್ತು ವರ್ಷದಲ್ಲಿ ಅಲ್ಲಿ ಬೆಳೆದ ಮಕ್ಕಳು ಯಾರ ಮನೆ ನೋಡಿ ನಕ್ಕರೋ!

ಅಮೆರಿಕದ ಹಾಸ್ಯ ಧಾರಾವಾಹಿಯ ಒಂದು ಕಂತು, ಜಾಹೀರಾತು ಬಿಟ್ಟರೆ, ಸುಮಾರು 22 ನಿಮಿಷ. ಒಂದು ಮನೆ, ಒಂದು ತಾಪತ್ರಯ, ಅಷ್ಟೇ. ತಾಪತ್ರಯಕ್ಕೆ ನಮ್ಮಲ್ಲಿ ಬರವೇ? ಬಾಗೂರು–ನವಿಲೆ ಸುರಂಗದಲ್ಲಿ ಹೇಮಾವತಿ ನೀರು ತುಮಕೂರಿನ ಕಡೆಗೆ ಹೋಗುತ್ತದೆ, ಮೇಲೆ ನಾವು ಬೋರ್‌ವೆಲ್ ಕೊರೆಸಲು ಸಾಲ ಹುಡುಕುತ್ತೇವೆ. ಇದನ್ನು ಬೆಂಗಳೂರಿನಲ್ಲಿ ಕೂತು ಬರೆಯಲಾಗದು.

ಆದ್ದರಿಂದ ಹೆಡ್ ಮೇಷ್ಟ್ರಲ್ಲಿ ಒಂದು ಕೋರಿಕೆ. ಮುಂದಿನ ಶಾಲಾ ವಾರ್ಷಿಕೋತ್ಸವಕ್ಕೆ ಮಕ್ಕಳಿಂದ 22 ನಿಮಿಷದ ಒಂದು ಹಾಸ್ಯ ನಾಟಕ ಬರೆಸಿ. ಕ್ಯಾಮೆರಾ, ಮೈಕು, ಎಡಿಟಿಂಗ್ ನನ್ನ ಜವಾಬ್ದಾರಿ. ಎರಡು ಶನಿವಾರ ಮೊದಲೇ ಬಂದಿರುತ್ತೇನೆ. ಮಾತುಗಳು ಮನೆಯಲ್ಲಿ ಆಡುವ ಹಾಗೆಯೇ ಇರಲಿ, ಅನುಮಾನ ಬಂದರೆ ಮಕ್ಕಳು ಅಜ್ಜಿಯರನ್ನು ಕೇಳಿಕೊಳ್ಳಲಿ. ಮಾರ್ಕ್ಸ್ ಮಾತ್ರ ಕಳೆಯಬೇಡಿ ಮೇಷ್ಟ್ರೇ.