ಚಿಹ್ನೆಯೋ, ಹೆಸರೋ?



ಚುನಾವಣೆ ಸಮೀಪಿಸಿದಾಗಲೆಲ್ಲ ಅಡಿಕೆ ಸುಲಿಯುವ ಅಂಗಳದಲ್ಲಿಯೂ ಕಾಲೇಜಿನ ಕಟ್ಟೆಯ ಮೇಲೆಯೂ ಒಂದೇ ಚರ್ಚೆ ಏಳುತ್ತದೆ. ಮತ ನೀಡಬೇಕಾದುದು ಊರಿನ ಅಭ್ಯರ್ಥಿಯ ನಡತೆಯನ್ನು ನೋಡಿಯೋ, ಪಕ್ಷದ ನಾಯಕರ ವರ್ಚಸ್ಸನ್ನು ನೋಡಿಯೋ?

ಗ್ರಾಮ ಪಂಚಾಯಿತಿಯ ಮಟ್ಟಿಗೆ ಉತ್ತರ ಸುಲಭ. ಕರ್ನಾಟಕದಲ್ಲಿ ಆ ಚುನಾವಣೆ ಪಕ್ಷದ ಚಿಹ್ನೆಗಳಿಲ್ಲದೆ ನಡೆಯುತ್ತದೆ. ಅಲ್ಲಿ ವ್ಯಕ್ತಿಯೇ ಮುಖ್ಯ. ವಿಧಾನಸಭೆ, ಲೋಕಸಭೆಗಳ ಮಾತು ಬೇರೆ. 1985ರ ಪಕ್ಷಾಂತರ ನಿಷೇಧ ಕಾನೂನಿನಂತೆ, ಪಕ್ಷದ ವಿಪ್ ಉಲ್ಲಂಘಿಸಿ ಸದನದಲ್ಲಿ ಮತ ಚಲಾಯಿಸಿದವರು ಸದಸ್ಯತ್ವವನ್ನೇ ಕಳೆದುಕೊಳ್ಳಬಹುದು. ಅಭ್ಯರ್ಥಿ ಎಷ್ಟೇ ಸಜ್ಜನರಾಗಿರಲಿ, ಕಣಿವೆಯನ್ನು ಮುಳುಗಿಸುವ ಯೋಜನೆಗೆ ಪಕ್ಷ ಒಪ್ಪಿದರೆ ಅವರ ಕೈ ಕಟ್ಟಿಹೋಗುತ್ತದೆ. ಆದುದರಿಂದ ಪಕ್ಷದ ನಿಲುವನ್ನು ಮರೆತು ವ್ಯಕ್ತಿಯನ್ನಷ್ಟೇ ನೋಡುವುದು ಅರ್ಧ ವಿವೇಕ.

ನಾಯಕರನ್ನಷ್ಟೇ ನೋಡುವುದೂ ಅಷ್ಟೇ ಅಪೂರ್ಣ. ವಿಪ್ ಕೈಯನ್ನು ಕಟ್ಟೀತು, ಬಾಯನ್ನು ಪೂರ್ತಿಯಾಗಿ ಕಟ್ಟದು. ಸದನದಲ್ಲಿ ಪ್ರಶ್ನೆ ಕೇಳುವುದು, ಅರಣ್ಯ ಹಕ್ಕಿನ ಅರ್ಜಿ ತಿರಸ್ಕೃತವಾದ ಕುಟುಂಬದೊಡನೆ ಕಚೇರಿಗೆ ಹೋಗುವುದು, ಗುಡ್ಡ ಕುಸಿದ ರಾತ್ರಿ ಹಳ್ಳಿಗೆ ಧಾವಿಸುವುದು ಸ್ಥಳೀಯ ಪ್ರತಿನಿಧಿಯ ಕೆಲಸ. ದೂರದ ನಾಯಕರ ಭಾವಚಿತ್ರ ಆ ಕೆಲಸವನ್ನು ಮಾಡಲಾರದು.

1989ರಲ್ಲಿ ಡಾ. ಶಿವರಾಮ ಕಾರಂತರು ಉತ್ತರ ಕನ್ನಡದಿಂದ ಪಕ್ಷೇತರರಾಗಿ ಲೋಕಸಭೆಗೆ ಸ್ಪರ್ಧಿಸಿದರು. ಆಗ ಅವರಿಗೆ 87 ವರ್ಷ. ಕೈಗಾ ಅಣುಸ್ಥಾವರವನ್ನು ವಿರೋಧಿಸುತ್ತಿದ್ದ ಅವರು ಗೆಲ್ಲಲಿಲ್ಲ. 2000ದಲ್ಲಿ ಸ್ಥಾವರದ ಮೊದಲ ಎರಡು ಘಟಕಗಳು ವಾಣಿಜ್ಯ ಉತ್ಪಾದನೆ ಆರಂಭಿಸಿದವು. ನಾಡಿನ ಗೌರವವೊಂದೇ ಗೆಲುವನ್ನು ತಾರದೆಂಬುದು ಇಲ್ಲಿಯ ಕಹಿಪಾಠ. ಆದರೂ ಪರಿಸರದ ಪ್ರಶ್ನೆಯನ್ನು ಮತದಾರರ ಮುಂದಿಡಲು ಚುನಾವಣೆಯೂ ಒಂದು ವೇದಿಕೆ ಎಂಬುದನ್ನು ಆ ಸ್ಪರ್ಧೆ ತೋರಿಸಿತು.

2013ರಿಂದ ಮತಯಂತ್ರದಲ್ಲಿ ‘ನೋಟಾ’ ಇದೆ. ಆದರೆ ಅದಕ್ಕೆ ಎಷ್ಟೇ ಮತ ಬಿದ್ದರೂ ವಿಧಾನಸಭೆ, ಲೋಕಸಭೆಗಳಲ್ಲಿ ಉಳಿದ ಅಭ್ಯರ್ಥಿಗಳ ಪೈಕಿ ಹೆಚ್ಚು ಮತ ಪಡೆದವರೇ ಗೆಲ್ಲುತ್ತಾರೆ. ಆಯ್ಕೆಯ ಭಾರ ಅದರಿಂದ ಇಳಿಯದು.

ಹಾಗಾದರೆ ಮತದಾರರು ಮಾಡಬೇಕಾದುದೇನು? ಅಭ್ಯರ್ಥಿಯ ಪ್ರಮಾಣಪತ್ರವನ್ನೂ ಪಕ್ಷದ ಪ್ರಣಾಳಿಕೆಯನ್ನೂ ಎದುರುಬದುರು ಇಟ್ಟು ಓದಬೇಕು. ಪಶ್ಚಿಮಘಟ್ಟ ಕುರಿತ ಕಸ್ತೂರಿರಂಗನ್ ವರದಿಯ ಬಗ್ಗೆ ಅಭ್ಯರ್ಥಿ ಹಳ್ಳಿಯಲ್ಲಿ ಆಡುವ ಮಾತೂ, ಪಕ್ಷ ದೆಹಲಿಯಲ್ಲಿ ಆಡುವ ಮಾತೂ ಒಂದೇ ಆಗಿದೆಯೇ? ಒಂದಲ್ಲವಾದರೆ, ಪಕ್ಷದೊಳಗೆ ಊರಿನ ಪರವಾಗಿ ವಾದಿಸುವ ಧೈರ್ಯ ಅವರಿಗಿದೆಯೇ? ಈ ಪ್ರಶ್ನೆಯನ್ನು ಮತ ಹಾಕುವ ಮೊದಲೇ ಊರ ಸಭೆಯಲ್ಲಿ, ಎಲ್ಲರೆದುರು ಕೇಳಬೇಕು. ಉತ್ತರವನ್ನು ಬರೆದಿಟ್ಟುಕೊಳ್ಳಬೇಕು. ಐದು ವರ್ಷಗಳ ಬಳಿಕ ಅದೇ ಅಭ್ಯರ್ಥಿ ಅದೇ ಅಂಗಳಕ್ಕೆ ಮತ್ತೆ ಬರುವಾಗ ಆ ಹಾಳೆ ಊರಿನ ಕೈಯಲ್ಲಿರಬೇಕು.